ಐದೂವರೆಯ ಬಸ್ಸು

ಶಿರಸಿಯಲ್ಲಿ ಬಸ್ಸಿಳಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಛತ್ರಿ ಮತ್ತು ಒಂದು ಸಾಫ್ಟ್‌ಬಾಲ್ ಇದ್ದವು. ಚೆಂಡು ಧಾರವಾಡದಲ್ಲಿ ಓದುತ್ತಿರುವ ತಂಗಿಯ ಮಗಳದು. ಸಾಫ್ಟ್‌ಬಾಲ್‌ನಲ್ಲಿ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯ ತಂಡದ ಆಟಗಾರ್ತಿ, ಆಗಬೇಕೆಂಬುದು ಅವಳ ಹಟ. "ಶಿರಸಿ ಕಡೆ ಹುಡುಗ್ಯಾರು ಈ ಸಲ ಸೆಲೆಕ್ಷನ್‌ಗೆ ಒಬ್ರೂ ಕಾಣ್ಲಿಲ್ಲ ಮಾಮಾ, ಯಾಕಂತ ಕೇಳ್ಕೊಂಡು ಬಾ" ಎಂದಿದ್ದಳು. ನಾನು ಹೊರಟಿದ್ದ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರಿದವು.

ಸಂಜೆ ಮೈದಾನದಲ್ಲಿ ಕಾಲೇಜು ಹುಡುಗಿಯರು ಥ್ರೋಬಾಲ್ ಆಡುತ್ತಿದ್ದರು. ಚೆಂಡು ಕೊಟ್ಟೆ. ಒಬ್ಬಳು ಒತ್ತಿ ನೋಡಿ, "ಇದೆಂತ ಸಾಫ್ಟು ಸರ್, ತೆಂಗಿನಕಾಯಿ ಇದ್ದಾಂಗಿದ್ದು!" ಎಂದು ನಕ್ಕಳು. ಹೆಸರು ಮೋಸದ್ದೇ. 1887ರಲ್ಲಿ ಶಿಕಾಗೊದಲ್ಲಿ ನಾಲ್ಕು ಗೋಡೆಯೊಳಗೆ ಹುಟ್ಟಿದ ಆಟವಿದು. ಮೊದಲ ದಿನ ಚೆಂಡಾಗಿದ್ದದ್ದು ಬಾಕ್ಸಿಂಗ್ ಗ್ಲೌಸ್. ಈಗಿನದು 12 ಅಂಗುಲ ಸುತ್ತಳತೆಯ ಗಟ್ಟಿ ಚೆಂಡು. ಮಹಿಳೆಯರ ಆಟದಲ್ಲಿ ಪಿಚರ್ 43 ಅಡಿ ದೂರದಿಂದ, ಕೈಯನ್ನು ಸೊಂಟದ ಪಕ್ಕದಿಂದ ಬೀಸಿ ಎಸೆಯುತ್ತಾಳೆ.

ಇಲ್ಲಿ ಈ ಆಟ ಯಾಕಿಲ್ಲ ಎಂದು ಕೇಳಿದ್ದಕ್ಕೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಪಿ.ಡಿ. ಸರ್, ಲೆಕ್ಕ ಬಿಡಿಸಿದರು: "ಥ್ರೋಬಾಲಿಗೆ ಒಂದು ನೆಟ್, ಒಂದು ಚೆಂಡು. ಸಾಫ್ಟ್‌ಬಾಲಿಗೆ ಫೀಲ್ಡಿಗಿಳಿಯುವ ಒಂಬತ್ತು ಮಂದಿಗೂ ಗ್ಲೌಸ್ ಬೇಕು. ಖೊಖೊಗೆ ನೆಟ್ಟೂ ಬೇಡ, ಚೆಂಡೂ ಬೇಡ."

ಮರುದಿನ ಸಿದ್ದಾಪುರ. ಪರಿಚಯದ ಮನೆಯಲ್ಲಿ "ಆಸರಿಗೆ ಎಂತ ಅಡ್ಡಿಲ್ಲೆ?" ಎಂದು, ಕುಡಿಯಲು ಏನಾಗಬಹುದೆಂದು ಕೇಳಿ ಮಜ್ಜಿಗೆ ತಂದಿಟ್ಟರು. ಅಂಗಳದಲ್ಲಿ ಅಡಕೆ ಹರಡುತ್ತಿದ್ದ ಡಿಗ್ರಿ ಓದುವ ಮಗಳ ಕಡೆಗೆ ಚೆಂಡನ್ನು ಹಗುರಾಗಿ ಎಸೆದೆ. ಅವಳು ಎರಡೂ ಅಂಗೈಯನ್ನು ಮುಂದೆ ಚಾಚಿ, ಚೆಂಡು ತಾಗುತ್ತಿದ್ದಂತೆ ಮೊಣಕೈ ಹಿಂದಕ್ಕೆಳೆದು ಹಿಡಿದಳು. ಸದ್ದೇ ಆಗಲಿಲ್ಲ. ತಂಗಿಯ ಮಗಳಿಗೆ ಇದನ್ನು ಕಲಿಯಲು ತಿಂಗಳು ಹಿಡಿದಿತ್ತು. "ಪ್ರಾಕ್ಟೀಸಿಗೆ ನಿಲ್ಲೂದಿಲ್ಲವಾ ತಂಗಿ?" ಎಂದೆ. "ಐದೂವರೆ ಬಸ್ ತಪ್ಪಿದ್ರೆ ಆಮೇಲೆ ಬಸ್ಸೇ ಇಲ್ಲ. ಕ್ರಾಸಿಂದ ಮನೆಗೆ ಕಾಡುದಾರಿ" ಎಂದಳು.

ಶಿರಸಿಗೆ ಮರಳಿ, ಮಂಚಿಕೇರಿ ಮೇಲೆ ಯಲ್ಲಾಪುರಕ್ಕೆ ಹೋದೆ. ದಾರಿಯಲ್ಲಿ ಬಸ್ಸು ಹತ್ತಿದ ಸಿದ್ದಿ ಸಮುದಾಯದ ಹುಡುಗಿಯರ ಚೀಲದಲ್ಲಿ ಓಟದ ಶೂ ಇಣುಕುತ್ತಿತ್ತು. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತ್ತು. ಹರ್ಡಲ್ಸ್ ಓಟಗಾರ್ತಿ ಕಮಲಾ ಬಾಬು ಸಿದ್ದಿ ಆ ಯೋಜನೆಯಿಂದಲೇ ಮೇಲೆ ಬಂದವರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಕಾಲಿನ ಕಸುವು ಎಲ್ಲಿಗೂ ಹೋಗಿರಲಿಲ್ಲ, ಓಡಿಸುವವರು ಹೋಗಿದ್ದರು.

ಚೆಂಡನ್ನು ಬಸ್ಸಿನಲ್ಲಿ ಸಿಕ್ಕ ಆ ಸಿದ್ದಿ ಹುಡುಗಿಯರಿಗೇ ಕೊಟ್ಟು ಬಂದೆ. ತಂಗಿಯ ಮಗಳು ಮುನಿಸಿಕೊಂಡಳು. ಅವಳ ಪ್ರಶ್ನೆಗೆ ಉತ್ತರ ಮಾತ್ರ ತಂದಿದ್ದೆ: ಘಟ್ಟದ ಹುಡುಗಿಯರಿಗೆ ಕೈಯೂ ಇದೆ, ಕಾಲೂ ಇದೆ. ಕಾಲೇಜಿಗೆ ಒಂಬತ್ತು ಗ್ಲೌಸ್ ಬರಲಿ, ಐದೂವರೆಯ ಬಸ್ಸಿನ ಹಿಂದೆ ಏಳಕ್ಕೆ ಇನ್ನೊಂದು ಬಸ್ಸು ಹೊರಡಲಿ.