ಹೊಸ ಡಿಸ್ಕಿಗೆ ಒಕ್ಕಲು

ಹಳೆಯ ಮನೆ ಬಿಟ್ಟು ಹೊಸ ಮನೆಗೆ ಹೋಗುವವರು ನಮ್ಮ ಕಡೆ ಮೊದಲು ದೇವರ ಪಟವನ್ನೂ ದೀಪವನ್ನೂ ಕೊಂಡೊಯ್ಯುತ್ತಾರೆ. ಆಮೇಲೆ ಹಾಲು ಉಕ್ಕಿಸುತ್ತಾರೆ. ಮಂಚ, ಒರಳು, ಕಾಲು ಮುರಿದ ಕುರ್ಚಿ, ಯಾವ ಬೀಗಕ್ಕೆ ಸೇರಿದ್ದೆಂದು ಯಾರಿಗೂ ತಿಳಿಯದ ಬೀಗದ ಕೈಗೊಂಚಲು, ಇವೆಲ್ಲ ಹಿಂದಿನಿಂದ ಗಾಡಿಯಲ್ಲಿ ನಿಧಾನವಾಗಿ ಬರುತ್ತವೆ. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಯಾರೂ ಪುಸ್ತಕ ನೋಡಿ ಕಲಿತವರಲ್ಲ. ಆದರೆ ಲ್ಯಾಪ್‌ಟಾಪಿನ ಹಳೆಯ ಡಿಸ್ಕನ್ನು ಬಿಟ್ಟು ಹೊಸದಕ್ಕೆ ಹೋಗಬೇಕಾದಾಗ ಈ ಕ್ರಮವನ್ನು ಹೇಳಿಕೊಡುವ ಅಜ್ಜಿಯರು ಇನ್ನೂ ಹುಟ್ಟಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಅದನ್ನು ನಾನೇ ನಿಶ್ಚಯಿಸಬೇಕಾಗಿ ಬಂತು.

ಆ ಲ್ಯಾಪ್‌ಟಾಪು ನನ್ನ ಸೋದರಮಾವ ಮೈಸೂರಿನಲ್ಲಿ ಕೆಲಸದಲ್ಲಿದ್ದಾಗ ಕೊಂಡು, ಕೀಲಿಗಳ ಮೇಲಿನ ಅಕ್ಷರ ಸವೆದ ಮೇಲೆ, ನಾನು ಬಿ.ಎ. ಸೇರಿದ ವರ್ಷ ನನಗೆ ಕೊಟ್ಟದ್ದು. ಹನೂರಿನ ಕಡೆಯ ನಮ್ಮೂರಿನಲ್ಲಿ, ನಮ್ಮ ಬೀದಿಗೆಲ್ಲ ಅದೊಂದೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳೂ ನಾನೊಬ್ಬಳೇ. ಈ ಎರಡು ಸಂಗತಿಗಳೂ ಒಂದೇ ಸೂರಿನಡಿ ಸೇರಿದ್ದರಿಂದ, ಯಾರೂ ನೇಮಿಸದೆ, ಸಂಬಳವೂ ಇಲ್ಲದೆ, ನಾನು ಬೀದಿಯ ಶಾನುಭೋಗಿಕೆಗೆ ಕುಳಿತೆ. ವಿದ್ಯಾರ್ಥಿವೇತನದ ಅರ್ಜಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಹೀಗೆ ಯಾರಿಗೆ ಏನು ಬೇಕಾದರೂ ಮೊಬೈಲಿನಲ್ಲಿ ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಅರ್ಜಿ ತುಂಬುವುದು ನನ್ನ ಸಂಜೆಯ ಕೆಲಸವಾಯಿತು. ಕೆಲಸ ಮುಗಿದ ಮೇಲೆ ಅಳಿಸಿಬಿಡಲೇ ಎಂದು ಕೇಳಿದರೆ, “ನಿನ್ ಪೆಟ್ಗೇಲೆ ಇರ್ಲಿ ಕನವ್ವ, ನಮ್ ಟ್ರಂಕ್ನಲ್ಲಾದ್ರೆ ಗೆದ್ಲು ತಿಂತವೆ” ಎನ್ನುವರು. ಹೀಗೆ ಮೂರು ವರ್ಷದಲ್ಲಿ ಮೂವತ್ತೈದು ಮನೆಗಳ ಕಾಗದಗಳು ನನ್ನ ಬಳಿ ಒಕ್ಕಲಾದವು.

ಕಾಗದಗಳ ಹಿಂದೆಯೇ ಮದುವೆಗಳು ಬಂದವು. ಛಾಯಾಗ್ರಾಹಕರು ಈಗ ಮದುವೆಯ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ. ಅದನ್ನು ಹಾಕಿ ನೋಡುವ ಯಂತ್ರ ಮನೆಯಲ್ಲಿಲ್ಲ. ಪೆನ್‌ಡ್ರೈವು ಮಕ್ಕಳ ಕೈಗೆ ಸಿಕ್ಕರೆ ಕಳೆದುಹೋಗುತ್ತದೆ. ಆದ್ದರಿಂದ ಏಳು ಮದುವೆಗಳು ನನ್ನ ಲ್ಯಾಪ್‌ಟಾಪಿನಲ್ಲಿ ಬೀಡುಬಿಟ್ಟವು. ಲೆಕ್ಕ ಹಾಕಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಮೂವತ್ತೈದು ಮನೆಗಳ ಹುಟ್ಟು, ಜಾತಿ, ಜಮೀನು, ವಿದ್ಯೆ, ಸಾಲ ಎಲ್ಲ ಸೇರಿ 4 ಜಿಬಿ ತುಂಬಿರಲಿಲ್ಲ. ಏಳು ಮದುವೆಗಳು 150 ಜಿಬಿಯನ್ನು ಮೀರಿದ್ದವು. ಡಿಸ್ಕಿನಲ್ಲಿ ಹೆಚ್ಚು ಸ್ಥಳ ಹಿಡಿಯುವುದೇ ಹೆಚ್ಚು ಬೆಲೆಯುಳ್ಳದ್ದೆಂದು ತಿಳಿಯುವವರು ಈ ಲೆಕ್ಕವನ್ನು ನೋಡಬೇಕು.

ಇದ್ದ ಡಿಸ್ಕು 320 ಜಿಬಿಯದು. ಅದು ತುಂಬಿತು. ತುಂಬಿದ್ದು ಸಾಲದೆಂದು ಒಳಗಿನಿಂದ ಟಕ್ ಟಕ್ ಎಂಬ ಸದ್ದೂ ಶುರುವಾಯಿತು. ಕೊಳ್ಳೇಗಾಲದ ಅಂಗಡಿಯವರು ಕಿವಿಗೊಟ್ಟು ಕೇಳಿ, ವೈದ್ಯರು ನಾಡಿ ಬಿಟ್ಟಂತೆ ಕೈ ತೆಗೆದು, “ಇದು ಬಹಳ ದಿವಸ ಬರೋದಿಲ್ಲಮ್ಮ, ಬೇಗ ಬದಲಾಯಿಸು” ಎಂದರು. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ ಹಾಕಿದರೆ ವೇಗ ಹೆಚ್ಚೆಂದೂ ಹೇಳಿದರು. ಆದರೆ ನನ್ನ ಕೈಯಲ್ಲಿದ್ದ ಹಣಕ್ಕೆ ಆ ಜಾತಿಯಲ್ಲಿ ಸಿಗುವ ಸ್ಥಳ ಕಡಿಮೆ. ನನಗೆ ಬೇಕಾದದ್ದು ವೇಗವಲ್ಲ, ಜಾಗ. ಒಂದು ಟಿಬಿಯ ಸಾಮಾನ್ಯ ಡಿಸ್ಕನ್ನೇ ಕೊಂಡೆ. ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟು. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆದು ಕೊಟ್ಟದ್ದನ್ನು ನಮ್ಮ ಗಣಕ 1,024ರ ಲೆಕ್ಕದಲ್ಲಿ ಅಳೆದುಕೊಳ್ಳುವುದರಿಂದ ತೆರೆಯ ಮೇಲೆ ಅದು 931 ಜಿಬಿ ಎಂದೇ ತೋರುತ್ತದೆ. ಸೇರಿನಲ್ಲಿ ಅಳೆದುಕೊಟ್ಟು ಪಾವಿನಲ್ಲಿ ಅಳೆದುಕೊಂಡ ಹಾಗೆ. ಇದರಲ್ಲಿ ಮೋಸವಿಲ್ಲ, ಗೊಂದಲ ಮಾತ್ರ.

ನಮ್ಮೂರಿನಲ್ಲಿ ವಿದ್ಯುತ್ತು ಯಾವಾಗ ಹೋಗುವುದೆಂದು ಹೇಳಲಾಗದು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ನಡುವೆ ವಿದ್ಯುತ್ತು ಹೋದರೆ ಕೆಲಸವೂ ನಡುವೆಯೇ ನಿಲ್ಲುತ್ತದೆ. ಯಳಂದೂರಿನಲ್ಲಿರುವ ನನ್ನ ಸಹಪಾಠಿಯ ತಂದೆಯವರದು ಹೊಲಿಗೆ ಅಂಗಡಿ. ಅವರ ಮನೆಯಲ್ಲಿ ಯುಪಿಎಸ್ ಇದೆ. ಎರಡು ಬಸ್ಸು ಬದಲಾಯಿಸಿ, ಡಿಸ್ಕನ್ನೂ ಲ್ಯಾಪ್‌ಟಾಪನ್ನೂ ಸೀರೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದೆ.

ದಾರಿ ಎರಡು. ಬೇಕಾದ ಕಡತಗಳನ್ನಷ್ಟೇ ಹೊಸ ಡಿಸ್ಕಿಗೆ ಒಯ್ದು, ಉಳಿದದ್ದನ್ನೆಲ್ಲ ಹೊಸದಾಗಿ ಹೂಡಿಕೊಳ್ಳುವುದು ಒಂದು. ಹಳೆಯ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಪಡಿಯಚ್ಚು ತೆಗೆಯುವುದು ಇನ್ನೊಂದು. ಇದನ್ನು ಕ್ಲೋನ್ ಎನ್ನುತ್ತಾರೆ. ಮೊದಲನೆಯದು ಚೊಕ್ಕಟವೆನ್ನುವರು. ನಾನು ಒಪ್ಪಲಿಲ್ಲ. ನಾನು ಟೈಪು ಮಾಡಿದ ನೂರಾರು ಅರ್ಜಿಗಳು ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿವೆ. ಅದರಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಕಡತ ಹೋಗಿ ಅಕ್ಷರಶೈಲಿ ಹೋಗದಿದ್ದರೆ, ತೆರೆದಾಗ ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಚಿಹ್ನೆಗಳ ಸಂತೆ ಕಾಣುತ್ತದೆ. ಕ್ಲೋನಿನಲ್ಲಿ ಈ ಭಯವಿಲ್ಲ. ಕನ್ನಡದಲ್ಲಿ ಬರೆಯುವವರು ಈ ವಿಷಯವನ್ನು ಮರೆಯಬಾರದೆಂದು ನನ್ನ ಮತ.

ಆದರೂ ಸದ್ದು ಮಾಡುತ್ತಿರುವ ಡಿಸ್ಕು ಪೂರ್ತಿ ಕ್ಲೋನ್ ಆಗುವವರೆಗೆ ಬದುಕಿರುವುದೆಂದು ಹೇಳುವವರಾರು? ಅದಕ್ಕೇ ಮೊದಲು ಮೂವತ್ತೈದು ಮನೆಗಳ ಕಾಗದಗಳನ್ನು ಒಂದು ಪೆನ್‌ಡ್ರೈವಿಗೆ ತೆಗೆದೆ. ಅದೇ ನಮ್ಮ ದೇವರ ಪಟ, ದೀಪ. ಆಮೇಲೆ ಮಾವ ಬಿಟ್ಟುಹೋದ ಸಿನಿಮಾಗಳೇ, ನನ್ನ ಟಿಪ್ಪಣಿಗಳೇ, ಮದುವೆಗಳೇ? ನನ್ನ ಟಿಪ್ಪಣಿಗಳು ಹೋಗಬೇಕೆಂದು ಬುದ್ಧಿ ಹೇಳಿತು, ಪರೀಕ್ಷೆ ಹತ್ತಿರವಿತ್ತು. ಆದರೆ ಎದುರುಮನೆಯ ಅತ್ತೆಯ ನೆನಪಾಯಿತು. ಅವರ ಯಜಮಾನರು ತೀರಿಕೊಂಡು ಒಂದು ವರ್ಷ. ಆಧಾರ್ ಕಾರ್ಡಿನಲ್ಲಿ ಬೆದರಿ ನಿಂತ ಚಿತ್ರ ಬಿಟ್ಟರೆ ಅವರದು ಬೇರೊಂದಿಲ್ಲ. ಮೂರನೆಯ ಮದುವೆಯ ವಿಡಿಯೋದಲ್ಲಿ ಮಾತ್ರ ಅವರು ಹೆಗಲ ಮೇಲೆ ಟವೆಲ್ಲು ಹಾಕಿ, ಪಂಕ್ತಿಗೆ ಹುಳಿ ಬಡಿಸುತ್ತ, ಯಾರಿಗೋ “ಇನ್ನೊಂಚೂರು ಹಾಕಿಸ್ಕಳಿ” ಎಂದು ನಗುತ್ತಾರೆ. ಹನ್ನೊಂದು ಸೆಕೆಂಡು. ಅತ್ತೆ ತಿಂಗಳಿಗೊಮ್ಮೆ ಬಂದು, “ಅದೊಂದ್ಸಲ ಹಾಕವ್ವ” ಎಂದು ಕೇಳಿ, ನೋಡಿ, ಮಾತನಾಡದೆ ಎದ್ದುಹೋಗುತ್ತಾರೆ. ಆ ಹನ್ನೊಂದು ಸೆಕೆಂಡಿರುವ ತುಂಡನ್ನು ಎರಡನೆಯದಾಗಿ ತೆಗೆದೆ. ಟಿಪ್ಪಣಿಗಳು ಮೂರನೆಯವು.

ರಾತ್ರಿ ಒಂಬತ್ತಕ್ಕೆ ಕ್ಲೋನ್ ಹೂಡಿದೆವು. ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವಿನಿಂದಲೇ ಗಣಕವನ್ನು ಎಬ್ಬಿಸುತ್ತದೆ. ಹೊಸ ಡಿಸ್ಕು ಯುಎಸ್‌ಬಿ ತಂತಿಯಲ್ಲಿ ಹೊರಗೆ ತೂಗುತ್ತಿರುತ್ತದೆ. ಇಲ್ಲಿ ಎದೆ ನಡುಗುವ ಪ್ರಶ್ನೆ ಒಂದೇ: ಮೂಲ ಯಾವುದು, ಗುರಿ ಯಾವುದು? ಎರಡನ್ನೂ ಅದಲುಬದಲು ಮಾಡಿದರೆ ಬರಿದಾದ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ತನ್ನ ಬರಿದುತನವನ್ನು ಶ್ರದ್ಧೆಯಿಂದ ಬರೆದುಬಿಡುತ್ತದೆ. ಅಳತೆ ಬೇರೆಯಾದ್ದರಿಂದ ಗುರುತು ಸುಲಭ. ಆದರೂ ಇಬ್ಬರೂ ಗಟ್ಟಿಯಾಗಿ ಓದಿ, ಮೂರು ಸಲ ಒಪ್ಪಿ, ಕೀಲಿ ಒತ್ತಿದೆವು. ಓದಲಾಗದ ಜಾಗ ಸಿಕ್ಕರೆ ನಿಲ್ಲದೆ ಮುಂದೆ ಹೋಗು ಎಂಬ ಆಯ್ಕೆಯನ್ನೂ ಕೊಟ್ಟಿದ್ದೆವು.

ಶೇಕಡಾ ಅಂಕಿ ಏರುವುದನ್ನು ನೋಡುತ್ತ ಕೂರುವುದಕ್ಕಿಂತ ಹರಟೆ ಮೇಲು. “ನಿಮ್ಮ ತಾಲ್ಲೂಕೇ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಬಂದದ್ದು ಕಣೇ” ಎಂದು ಗೆಳತಿ ಕೆಣಕಿದಳು. ನಿಜ. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಯಳಂದೂರಾದರೋ ಮೊದಲಿನಿಂದಲೂ ಮೈಸೂರಿನದು. ಆ ಗರ್ವ ಅವಳಿಗೆ ಇದ್ದೇ ಇದೆ. ಸೋಜಿಗವೆಂದರೆ ಅದೇ 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಪ್ರಪಂಚದ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತ್ತು. 24 ಅಂಗುಲ ಅಗಲದ 50 ತಟ್ಟೆಗಳು. ತೂಕ ಒಂದು ಟನ್ನಿಗೆ ಹತ್ತಿರ. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ನಮ್ಮ ಬೀದಿಯ ಮದುವೆಗಳಲ್ಲಿ ಒಂದರ ತಾಂಬೂಲದ ದೃಶ್ಯವೂ ಅದರಲ್ಲಿ ಹಿಡಿಯುತ್ತಿರಲಿಲ್ಲ. ಈಗಿನದು ಅಂಗೈಯಲ್ಲಿ ಕೂರುತ್ತದೆ.

ಎರಡು ಗಂಟೆ ದಾಟಿದ ಮೇಲೆ ಮುಗಿಯಿತು. ಬೆಳಿಗ್ಗೆ ತಿರುಪು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆವು. ಗಣಕ ಎದ್ದಿತು. ಸವೆದ ಕೀಲಿಗಳು, ಮಾವ ಹಾಕಿದ್ದ ಚಾಮುಂಡಿ ಬೆಟ್ಟದ ಚಿತ್ರ, ನುಡಿಯ ಅಕ್ಷರಗಳು, ಎಲ್ಲ ಮೊದಲಿನಂತೆಯೇ. ಅತಿಯಾಗಿ ಮೊದಲಿನಂತೆಯೇ, ಡಿಸ್ಕು ಹಳೆಯ 298 ಜಿಬಿಯನ್ನೇ ತೋರುತ್ತಿತ್ತು! ಉಳಿದ 633 ಜಿಬಿ ಹಂಚಿಕೆಯಾಗದೆ ಬಯಲಾಗಿ ಬಿದ್ದಿತ್ತು. ಹಿಂದಿನ ವಿಭಾಗವನ್ನು ಹಿಗ್ಗಿಸೋಣವೆಂದರೆ ನಡುವೆ ದುರಸ್ತಿಗೆಂದು ಕಾದಿರಿಸಿದ ಒಂದು ಸಣ್ಣ ವಿಭಾಗ ಅಡ್ಡ ನಿಂತಿತ್ತು. ಬಚ್ಚಲುಮನೆಯನ್ನು ಕೆಡವದೆ ಅದರಾಚೆ ಕೋಣೆ ಕಟ್ಟುವ ಹಾಗೆ, ಆ ಬಯಲನ್ನು ಬೇರೆಯೇ ಒಂದು ವಿಭಾಗವಾಗಿ ಮಾಡಿಕೊಂಡೆ.

ಓದಲಾಗದ ಜಾಗಗಳು ಎಲ್ಲಿದ್ದವೆಂದು ಆಮೇಲೆ ತಿಳಿಯಿತು. ಐದನೆಯ ಮದುವೆಯಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಚಿತ್ರ ಒಡೆದು, ಮತ್ತೆ ತೆರೆದಾಗ ಊಟ ನಡೆದಿರುತ್ತದೆ. ಹುಡುಗನ ತಾಯಿ ನಕ್ಕು, “ತಾಳಿ ಕೊಳ್ಳಲ್ಲದಲ್ಲ, ಸಾಕು ಬುಡು” ಎಂದರು. ಅತ್ತೆ ಬಂದರು; ಹನ್ನೊಂದು ಸೆಕೆಂಡು ನೋಡಿದರು; ಹೋದರು. ಮನೆ ಮನೆಗೂ ಹೋಗಿ ಕಾಗದಗಳನ್ನು ಇಡಲೇ ಅಳಿಸಲೇ ಎಂದು ಕೇಳಿದೆ. ಎರಡು ಮನೆಯವರು ಅಳಿಸೆಂದರು. ಅವರೆದುರಿಗೇ ಅಳಿಸಿದೆ.

ಉಳಿದದ್ದು ಹಳೆಯ ಡಿಸ್ಕು. ಗುಜರಿಯವನು ಅದಕ್ಕೆ ಐವತ್ತು ರೂಪಾಯಿ ಕೊಡುತ್ತೇನೆಂದ. ಅಳಿಸಿದ ಕಡತ ನಿಜವಾಗಿ ಅಳಿದಿರುವುದಿಲ್ಲ. ಪುಸ್ತಕದ ಪರಿವಿಡಿಯ ಹಾಳೆ ಹರಿದಂತೆ, ಒಳಗಿನ ಪುಟಗಳು ಅಲ್ಲೇ ಇರುತ್ತವೆ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆದರೆ ಹೋಗುತ್ತದೆ. ಬರೆದೆ. ಆದರೆ ಕೆಟ್ಟ ಜಾಗಗಳ ಮೇಲೆ ಬರೆಯಲೂ ಆಗದು, ಅಲ್ಲಿ ಯಾರ ಖಾತೆಯ ಸಂಖ್ಯೆ ಕುಳಿತಿದೆಯೋ ತಿಳಿಯಲೂ ಆಗದು. ಅದನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ. ಗುಜರಿಯವನು ಬಂದಾಗಲೆಲ್ಲ ಕೇಳುತ್ತಾನೆ. ಹೋದ ವಾರ ಹತ್ತು ರೂಪಾಯಿ ಏರಿಸಿದ್ದಾನೆ.