ಪುಣೆಯಿಂದ ಧಾರವಾಡಕ್ಕೆ ಎಷ್ಟು ಸಿಸಿ ಬೇಕು?

ನಲವತ್ತಕ್ಕೆ ಎರಡು ವರ್ಷ ಬಾಕಿ ಇರುವಾಗ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿಬಿಟ್ಟೆ. ಟೀಮಿನ ಹುಡುಗರು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮಾತ್ರ 'ಇಎಂಐ ಎಲ್ಲಾ ಮುಗೀತಾ?' ಎಂದು ಕೇಳಿದರು.

ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡು ಹೋಗುವ ವಿದೇಶಿ ಕಾರು ಎಂದುಕೊಳ್ಳಬೇಡಿ. ಸಂಬಳದವರ ಕಿಸೆಗೆ ಎಟುಕುವ ಸ್ಪೋರ್ಟ್ಸ್ ಕಾರೆಂದರೆ ಟರ್ಬೊ ಇರುವ ಹ್ಯಾಚ್‌ಬ್ಯಾಕ್. ತಿಂಗಳುಗಟ್ಟಲೆ ಹುಡುಕಿದ ಮೇಲೆ ಎರಡು ಉಳಿದವು. ಒಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ: 1197 ಸಿಸಿ, 105 ಅಶ್ವಶಕ್ತಿ, ಏಳು ಗೇರುಗಳ ಆಟೊಮ್ಯಾಟಿಕ್. ಇನ್ನೊಂದು ಫಿಯಟ್‌ನ ಅಬಾರ್ತ್ ಪುಂಟೊ: 1368 ಸಿಸಿ, 145 ಅಶ್ವಶಕ್ತಿ, ಐದು ಗೇರುಗಳ ಮ್ಯಾನ್ಯುವಲ್. ತಮಾಷೆಯೆಂದರೆ ಎರಡೂ ನಮ್ಮ ಪುಣೆಯ ಮಕ್ಕಳೇ. ಪೋಲೊ ತಯಾರಾದದ್ದು ಚಾಕಣದಲ್ಲಿ, ಪುಂಟೊ ರಾಂಜಣಗಾಂವದಲ್ಲಿ. ಈಗ ಎರಡರ ತಯಾರಿಕೆಯೂ ನಿಂತಿದೆ. ಮಾರುವವರು ಕೇಳಿದ್ದು ಎರಡಕ್ಕೂ ಐದೂವರೆ ಲಕ್ಷದ ಆಸುಪಾಸು.

1197 ಎಂಬ ವಿಚಿತ್ರ ಸಂಖ್ಯೆಗೆ ಒಂದು ಕಾರಣವಿದೆ. ನಮ್ಮಲ್ಲಿ ಪೆಟ್ರೋಲ್ ಕಾರು ನಾಲ್ಕು ಮೀಟರಿಗಿಂತ ಉದ್ದವಿಲ್ಲದೆ, 1200 ಸಿಸಿ ದಾಟದೆ ಇದ್ದರೆ ತೆರಿಗೆ ಕಡಿಮೆ. ಅದಕ್ಕೇ ಇಲ್ಲಿ ಅಷ್ಟೊಂದು ಇಂಜಿನ್‌ಗಳು ಆ ಗೆರೆಯ ಒಳಗೇ ನಿಲ್ಲುತ್ತವೆ. ಹಳೆಯ ಕಾರು ಕೊಳ್ಳುವವನಿಗೆ ಈ ಗೆರೆಯ ಚಿಂತೆಯಿಲ್ಲ. ಆ ತೆರಿಗೆಯನ್ನು ಮೊದಲನೆಯ ಪುಣ್ಯಾತ್ಮ ಕಟ್ಟಿರುತ್ತಾನೆ. ಥರ್ಡ್ ಪಾರ್ಟಿ ವಿಮೆಯೂ ಅಷ್ಟೆ: 1000ದಿಂದ 1500 ಸಿಸಿವರೆಗೆ ಒಂದೇ ದರ, 2022ರಲ್ಲಿ ನಿಗದಿಯಾದಂತೆ ₹3,416. ಹಾಗಾಗಿ ದೊಡ್ಡ ಇಂಜಿನ್ ಬೇಡ ಎನ್ನಲು ಕಾಗದಪತ್ರಗಳು ನನಗೆ ಒಂದು ನೆಪವನ್ನೂ ಕೊಡಲಿಲ್ಲ.

ಎರಡನ್ನೂ ಓಡಿಸಿ ನೋಡಿದೆ. ಪೋಲೊದ ಪೂರ್ತಿ ಟಾರ್ಕ್, 175 ನ್ಯೂಟನ್ ಮೀಟರ್, 1500 ಆರ್‌ಪಿಎಂಗೇ ಬರುತ್ತದೆ. ಹಿಂಜವಡಿಯ ಸಿಗ್ನಲ್ ಬಿಟ್ಟ ಕೂಡಲೇ ಕಾರು ಎದ್ದು ಹೊರಡುತ್ತದೆ. ಪುಂಟೊದ 212 ನ್ಯೂಟನ್ ಮೀಟರ್ ಬರಲು 2000 ಆರ್‌ಪಿಎಂ ಆಗಬೇಕು. ಅಲ್ಲಿಯವರೆಗೆ ಅದು ಮಧ್ಯಾಹ್ನ ಉಂಡು ಮಲಗಿದ ಜಟ್ಟಿ. ಎದ್ದ ಮೇಲೆ ಮಾತ್ರ ಕೇಳಬೇಡಿ. ತಾಮ್ಹಿಣಿ ಘಾಟಿನ ದಾರಿಯಲ್ಲಿ ಮೂರನೇ ಗೇರಿನಲ್ಲಿ ಒತ್ತಿದಾಗ ಬೆನ್ನು ಸೀಟಿಗೆ ಅಂಟಿತು. ಪಕ್ಕದಲ್ಲಿದ್ದ ಮಾಲೀಕ ತನ್ನ ಮಗಳ ಮದುವೆ ನಿಶ್ಚಯವಾದವನಂತೆ ನಕ್ಕ.

ನನ್ನ ಪರಿಚಯದ ಮೆಕ್ಯಾನಿಕ್ ಎರಡನ್ನೂ ಲಿಫ್ಟಿಗೆ ಏರಿಸಿ ನೋಡಿದ. ಪೋಲೊದ ಗೇರ್‌ಬಾಕ್ಸಿನಲ್ಲಿ ಒಣ ಕ್ಲಚ್ಚುಗಳಿರುವುದರಿಂದ ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳಿಸಿದರೆ ಬಿಸಿಯಾಗುತ್ತದೆ. ಮುಂದೆ ಜಾಗ ಬಿಡು, ಆಮೇಲೆ ಒಮ್ಮೆಲೆ ಹೋಗು ಎಂದ. ಪುಂಟೊದ್ದು ಗಟ್ಟಿ ಇಂಜಿನ್, ಆದರೆ ಫಿಯಟ್ ಇಲ್ಲಿ ಅಂಗಡಿ ಮುಚ್ಚಿದೆ, ಬಿಡಿಭಾಗಕ್ಕೆ ಅಲೆಯುವ ತಾಳ್ಮೆ ಬೇಕು ಎಂದ. 'ಸಾಹೇಬ್, ನಿಮಗೆ ಕಾರು ಯಾಕೆ ಬೇಕು ಅದನ್ನ ಮೊದಲು ಹೇಳಿ' ಅಂತಲೂ ಕೇಳಿದ. ಮಜಾಕ್ಕೆ ಎಂದೆ.

ಅದು ಸುಳ್ಳು.

2023ರ ಶ್ರಾವಣದಲ್ಲಿ ಒಂದು ರಾತ್ರಿ 11:20ಕ್ಕೆ ಧಾರವಾಡದಿಂದ ಅಣ್ಣನ ಫೋನ್ ಬಂತು. 'ಅವ್ವಗ ಎದಿ ನೋವು ಬಂದೈತಿ, ದವಾಖಾನಿಗೆ ಒಯ್ಯಾಕತ್ತೇವಿ. ನೀ ಹೊರಡು.' ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಕೆಲಸ, ಕಾರು ಯಾಕೆ ಎಂದು ಹಳೆಯದನ್ನು ಮಾರಿದ್ದೆ. ವಾಕಡದಿಂದ ಹೊರಡುವ ಬಸ್ಸುಗಳು ಹೋಗಿಯಾಗಿತ್ತು. ಬುಕ್ ಮಾಡಿದ ಕ್ಯಾಬುಗಳು ಎರಡು ಸಲ ಕ್ಯಾನ್ಸಲ್ ಆದವು. ಕೊನೆಗೆ ಪಕ್ಕದ ಮನೆಯವರ ಪರಿಚಯದ ಗಾಡಿ ಬಂದಾಗ ಒಂದೂವರೆ. ಕೊಲ್ಹಾಪುರ ಇನ್ನೂ ದಾಟಿರಲಿಲ್ಲ, ಡ್ರೈವರ್ ಚಹಾ ಕುಡಿಯಲು ನಿಲ್ಲಿಸಿದ್ದ, 4:55ಕ್ಕೆ ಮತ್ತೆ ಫೋನ್. 4:40ಕ್ಕೆ ಅವ್ವ ಹೋಗಿದ್ದಳು. ನಾನು ಮನೆ ಮುಟ್ಟಿದ್ದು 8:10ಕ್ಕೆ.

ಆಮೇಲೆ ನಾನೊಂದು ಎಕ್ಸೆಲ್ ಶೀಟ್ ಮಾಡಿಕೊಂಡೆ. ನಮ್ಮ ಜಾತಿಯವರು ದುಃಖವನ್ನೂ ಶೀಟಿನಲ್ಲೇ ತುಂಬಿಸುತ್ತೇವೆ. ದೂರ ಸುಮಾರು 420 ಕಿ.ಮೀ. ಮನೆಯಲ್ಲೇ ಕಾರಿದ್ದು 11:40ಕ್ಕೆ ಹೊರಟಿದ್ದರೆ? ಐದು ಗಂಟೆ ಸಿಗುತ್ತಿತ್ತು. 420ನ್ನು 5ರಿಂದ ಭಾಗಿಸಿದರೆ ಗಂಟೆಗೆ ಸರಾಸರಿ 84. ಉತ್ತರ 150 ಎಂದು ಬಂದಿದ್ದರೆ ಶೀಟ್ ಮುಚ್ಚಿ ಅತ್ತು ಸುಮ್ಮನಾಗುತ್ತಿದ್ದೆ. 84 ಎಂಬುದು ಕೆಟ್ಟ ಸಂಖ್ಯೆ. ಆಗಬಹುದಿತ್ತು ಎನ್ನುತ್ತದೆ. ಗಟ್ಟಿ ಇಂಜಿನ್ ಇದ್ದಿದ್ದರೆ, ಲಾರಿಗಳನ್ನು ಬೇಗ ಬೇಗ ಹಿಂದೆ ಹಾಕಿದ್ದರೆ, ಆಗಬಹುದಿತ್ತು.

ಪುಂಟೊಗೆ ಅಡ್ವಾನ್ಸ್ ಕೊಡಬೇಕೆಂದಿದ್ದ ಹಿಂದಿನ ರಾತ್ರಿ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಆ ಶೀಟ್ ನೋಡಿದಳು. 'ರೀ, ಇದೇನು 84?' ಎಂದಳು. ಹೇಳಿದೆ. ಅವಳು ಹಾಸನದವಳು, ಮಾತು ಕಡಿಮೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಅವತ್ತು ರಾತ್ರಿ ನಿಮ್ಮ ಶೂ ಲೇಸ್ ಕಟ್ಟಿದ್ದು ನಾನು. ನಿಮ್ಮ ಕೈ ನಿಲ್ತಿರ್ಲಿಲ್ಲ. ಆ ಕೈಯಲ್ಲಿ ಖಂಬಾಟ್ಕಿ ಘಾಟಿನಲ್ಲಿ ಗಾಡಿ ಓಡಿಸ್ತಿದ್ರಾ? ಆ ಮಳೆಯಲ್ಲಿ?'

ಶೀಟಿನಲ್ಲಿ ಮಳೆಗೆ ಕಾಲಂ ಇರಲಿಲ್ಲ. ಟೋಲಿಗೆ, ರಸ್ತೆ ಕೆಲಸದ ಡೈವರ್ಷನ್ನಿಗೆ, ನಡುಗುವ ಕೈಗೆ ಇರಲಿಲ್ಲ.

ಮರುದಿನ ಲೆಕ್ಕವನ್ನು ಸರಿಯಾಗಿ ಮಾಡಿದೆ. ನಿಂತಲ್ಲಿಂದ ನೂರರ ವೇಗಕ್ಕೆ ಪೋಲೊಗೆ 9.7 ಸೆಕೆಂಡ್, ಪುಂಟೊಗೆ 8.8 ಎಂದು ಕಂಪನಿಗಳೇ ಹೇಳಿದ್ದವು. ವ್ಯತ್ಯಾಸ 0.9 ಸೆಕೆಂಡ್. ದಾರಿಯಲ್ಲಿ ನೂರು ಸಲ ಹೀಗೆ ನೆಗೆದರೂ ಉಳಿಯುವುದು ಒಂದೂವರೆ ನಿಮಿಷ. ಸಮತಟ್ಟು ರಸ್ತೆಯಲ್ಲಿ ನೂರರ ವೇಗ ಕಾಯ್ದುಕೊಳ್ಳಲು ಇಂಥ ಕಾರಿಗೆ 25 ಕುದುರೆ ಸಾಕು. ಉಳಿದವು ಲಾಯದಲ್ಲೇ ನಿಂತಿರುತ್ತವೆ, ಅವು 80 ಇರಲಿ, 120 ಇರಲಿ. ನೂರರ ಬದಲು 120ರಲ್ಲಿ ಓಡಿಸಿದರೆ ಪ್ರತಿ 100 ಕಿ.ಮೀ.ಗೆ ಹತ್ತು ನಿಮಿಷ ಉಳಿಯುವುದು ನಿಜ. ಆದರೆ ಆಗ ಬ್ರೇಕು ಅರಗಿಸಬೇಕಾದ ಶಕ್ತಿ ಶೇ 44ರಷ್ಟು ಹೆಚ್ಚು. ಆ ವೇಗ ಪೋಲೊಗೂ ಸಲೀಸು. ಅಂದರೆ 84ರ ಸರಾಸರಿ ಇಂಜಿನ್ನಿನ ಪ್ರಶ್ನೆಯೇ ಆಗಿರಲಿಲ್ಲ. ನಾನು ಐದೂವರೆ ಲಕ್ಷಕ್ಕೆ ಕೊಳ್ಳಲು ಹೊರಟಿದ್ದು ಕಾರನ್ನಲ್ಲ, ಆ ರಾತ್ರಿಯನ್ನು.

ಪೋಲೊ ತೆಗೆದುಕೊಂಡೆ. ಇದನ್ನು ಓದಿ ಯಾರೂ ದೊಡ್ಡ ಇಂಜಿನ್ ಕೆಟ್ಟದ್ದು ಎಂದುಕೊಳ್ಳಬಾರದು. ಭಾನುವಾರದ ಖುಷಿಗಷ್ಟೇ ಕೊಳ್ಳುವವರಿಗೆ, ಕ್ಲಚ್ ತುಳಿಯುವುದೇ ಸುಖ ಎನ್ನುವವರಿಗೆ ಪುಂಟೊದಂಥದ್ದು ಈ ದುಡ್ಡಿಗೆ ಇನ್ನೊಂದಿಲ್ಲ. ನನಗೆ ಬೇಕಾದದ್ದು ಟ್ರಾಫಿಕ್ಕಿನಲ್ಲಿ ದಿನವೂ ಹೋಗುವ, ತಿಂಗಳಿಗೊಮ್ಮೆ ಊರು ಮುಟ್ಟಿಸುವ ಗಾಡಿ. ನೀವೂ ಕೊಳ್ಳುವವರಿದ್ದರೆ ಸರ್ವಿಸ್ ದಾಖಲೆ ಕೇಳಿ, ತಣ್ಣಗಿರುವ ಇಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ, ಆಟೊಮ್ಯಾಟಿಕ್ಕನ್ನು ಏರಿನ ಮೇಲೆ ನಿಧಾನಕ್ಕೆ ನಡೆಸಿ ನೋಡಿ. ಸಿಸಿ ಎಷ್ಟು ಎಂಬುದು ಆಮೇಲಿನ ಮಾತು. ತಾಮ್ಹಿಣಿಯ ಆ ಮೂರನೇ ಗೇರು ಮಾತ್ರ ಈಗಲೂ ಕನಸಿಗೆ ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಬದಲಾದದ್ದು ಇನ್ನೊಂದಿದೆ. ಅವ್ವ ಇದ್ದಾಗ ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತಿದ್ದೆ, ಯುಗಾದಿಗೆ ಮತ್ತು ದೀಪಾವಳಿಗೆ. ಆ ಸಂಖ್ಯೆ ನನ್ನ ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಈಗ ಪ್ರತಿ ತಿಂಗಳ ಮೂರನೇ ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟು, ನಿಪ್ಪಾಣಿ ದಾಟಿದ ಮೇಲೆ ತಿಂಡಿಗೆ ನಿಂತು, ಊಟದ ಹೊತ್ತಿಗೆ ಧಾರವಾಡ. ಏಳು ಗಂಟೆ ಆಗುತ್ತದೆ. ಆಗಲಿ.

ಮೊದಲ ಸಲ ಕಾರು ಒಯ್ದಾಗ ಅಪ್ಪ ಸುತ್ತ ಒಂದು ಸುತ್ತು ಹಾಕಿದರು. ಎಂಎಚ್ 14 ನಂಬರ್ ಪ್ಲೇಟಿನ ಧೂಳನ್ನು ಕೈಯಿಂದ ಒರೆಸಿದರು. ಟರ್ಬೊ, ಏಳು ಗೇರು, 105 ಕುದುರೆ, ಎಲ್ಲ ವಿವರಿಸಿದೆ. ಪೂರ್ತಿ ಕೇಳಿ, 'ಅದೆಲ್ಲ ಇರಲಿ, ಎಷ್ಟ ಕೊಡತೈತಿ?' ಎಂದರು.

'ಹೈವೇದಾಗ ಹದಿನಾರು ಕೊಡತೈತಿ ಅಪ್ಪ.'

'ನಮ್ಮ ಸ್ಕೂಟರ್ ನಲವತ್ತು ಕೊಡತಿತ್ತು,' ಎನ್ನುತ್ತ ಮುಂದಿನ ಸೀಟಿನಲ್ಲಿ ಕುಳಿತರು. 'ನಡಿ, ಕೆಲಗೇರಿ ಕೆರಿ ತನಕ ಹೋಗಿ ಬರೂಣು. ಸಾವಕಾಶ ನಡಸು.'