ಪ್ರವಾಸದ ಪಟ್ಟಿ

ಪ್ರವಾಸಕ್ಕಿಂತ ಪ್ರವಾಸದ ಪಟ್ಟಿಯೇ ಸೊಗಸೆಂಬುದು ನನ್ನ ಬಹುದಿನದ ನಂಬಿಕೆ. ಪಟ್ಟಿಯಲ್ಲಿ ಬಸ್ಸು ಕೆಡುವುದಿಲ್ಲ, ಯಾರಿಗೂ ವಾಂತಿಯಾಗುವುದಿಲ್ಲ, ಬುತ್ತಿಯ ಚಿತ್ರಾನ್ನ ಹಳಸುವುದಿಲ್ಲ. ಕಾಲೇಜಿನ ಹುಡುಗರನ್ನು ವರ್ಷಕ್ಕೊಮ್ಮೆ ಶಿಕಾರಿಪುರ, ಸೊರಬದ ಕಡೆ ಕರೆದೊಯ್ಯುವ ಹೊಣೆ ಕನ್ನಡ ಮೇಷ್ಟ್ರಾದ ನನ್ನದು. ೭ಕ್ಕೆ ಶಿಕಾರಿಪುರ, ೮ಕ್ಕೆ ಬಳ್ಳಿಗಾವಿಯ ಕೇದಾರೇಶ್ವರ, ೧೦ಕ್ಕೆ ತಾಳಗುಂದದ ಶಾಸನ, ೧ಕ್ಕೆ ಗುಡವಿಯ ಹಕ್ಕಿಗಳು, ೩ಕ್ಕೆ ಚಂದ್ರಗುತ್ತಿಯ ಕೋಟೆ. ಇಷ್ಟನ್ನು ಅಚ್ಚುಕಟ್ಟಾಗಿ ಬರೆದು ಕೆಳಗೊಂದು ಗೆರೆ ಎಳೆದರೆ ಅರ್ಧ ಪ್ರವಾಸ ಮುಗಿದಂತೆಯೇ.

ಮೊನ್ನೆ ಜಪಾನಿನಿಂದ ಒಂದು ಪತ್ರ ಬಂತು. ಬರೆದವನು ಅಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯ. ಚಳಿಗಾಲದಲ್ಲಿ ಗೆಳೆಯರೊಡನೆ ಹೊಕ್ಕೈಡೊ ದ್ವೀಪದ ಬೆಟ್ಟಗಳಿಗೆ ಸ್ಕೀ ಆಡಲು, ಎಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಲು, ಹೋಗಿದ್ದನಂತೆ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಗೆ ತಗುಲಿ ನಮಗೆ ಮಳೆ ಸುರಿಸುತ್ತದಲ್ಲ, ಹಾಗೆಯೇ ಸೈಬೀರಿಯದ ಚಳಿಗಾಳಿ ಜಪಾನ್ ಸಮುದ್ರದ ತೇವ ಹೀರಿಕೊಂಡು ಬಂದು ಅಲ್ಲಿನ ಬೆಟ್ಟಗಳ ಮೇಲೆ ಹಿಟ್ಟಿನಂಥ ಹಗುರ ಹಿಮ ಸುರಿಸುತ್ತದೆ. ನಿಸೆಕೊ ಎಂಬಲ್ಲಿ ವರ್ಷಕ್ಕೆ ೧೦ ಮೀಟರಿಗೂ ಮಿಕ್ಕಿ ಬೀಳುವುದುಂಟು. ಕಾವಲಿರುವ ಇಳಿಜಾರು ಬಿಟ್ಟು ಕಾಡುಬೆಟ್ಟಕ್ಕೆ ಹೋಗುವವರು ನೆಲ ಬಲ್ಲ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಹಿಮ ಕುಸಿದು ಯಾರಾದರೂ ಹೂತುಹೋದರೆ ಸುಳಿವು ಕೊಡುವ ಯಂತ್ರ, ತಿವಿದು ಹುಡುಕುವ ಕೋಲು, ಅಗೆಯುವ ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು.

ಇವರು ತಿಂಗಳುಗಳ ಮೊದಲೇ ಹಣ ಕಟ್ಟಿ ದಿನ ಗೊತ್ತುಮಾಡಿದ್ದರು. ಆ ಬೆಳಿಗ್ಗೆ ಮಾರ್ಗದರ್ಶಿ ಹಿಮವನ್ನು ಅಗೆದು, ಪದರಗಳನ್ನು ನೋಡಿ, ಇವತ್ತು ಆ ಇಳಿಜಾರು ಬೇಡ ಎಂದನಂತೆ. ಗೆಳೆಯರು ವಾದಕ್ಕೆ ನಿಂತರು. “ನಾನು ಮಾತಾಡದೆ ಹಿಂದಿರುಗಿದೆ ಸಾರ್. ಚಂದ್ರಗುತ್ತಿಯ ಅಜ್ಜ ನೆನಪಾದ” ಎಂದು ಬರೆದಿದ್ದಾನೆ.

ಓದಿ ನನ್ನ ಮುಖ ಸಪ್ಪಗಾಯಿತು. ಹನ್ನೆರಡು ವರ್ಷಗಳ ಹಿಂದಿನ ಮಾತು. ಗುಡವಿಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಅದನ್ನೂ ತೋರಿಸುವ ಆಸೆಯಿಂದ ಆಗಸ್ಟ್ ತಿಂಗಳನ್ನೇ ಆರಿಸಿದ್ದೆ. ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಹಾಲಯ ನೋಡಿ ಗುಡ್ಡ ಹತ್ತಲು ಹೊರಟಾಗ ಕಂಬಳಿಕೊಪ್ಪೆ ಹೊದ್ದ ಅಜ್ಜನೊಬ್ಬ ತಡೆದ.

“ಬ್ಯಾಡ್ರಿ ಮೇಷ್ಟ್ರೆ, ಗುಡ್ಡ ಮಸುಕಾಗೇತಿ.”

“ಇನ್ನೂ ಮೂರು ಗಂಟೆ ಅಜ್ಜ, ಬೇಗ ಇಳಿದುಬಿಡ್ತೀವಿ” ಎಂದು ಗಡಿಯಾರ ತೋರಿಸಿದೆ.

“ಗಡಿಯಾರ ನಿಮ್ದು. ಗುಡ್ಡ ನಿಮ್ದಲ್ಲ” ಎಂದವನು, ಕರೆಯದಿದ್ದರೂ ನಮ್ಮ ಹಿಂದೆಯೇ ಬಂದ.

ಕೋಟೆ ಸೇರುವಷ್ಟರಲ್ಲಿ ಮಂಜು ಇಳಿದು, ಕೈಯಳತೆಯ ಗಿಡವೂ ಕಾಣದಾಯಿತು. ತಲೆ ಎಣಿಸಿದೆ. ಮೂವತ್ತೆರಡಿರಬೇಕಾದಲ್ಲಿ ಮೂವತ್ತೊಂದು. ಕಿರುಚಾಡುತ್ತಿದ್ದ ಹುಡುಗರನ್ನು ಅಜ್ಜ ಗದರಿಸಿ ಕೂರಿಸಿದ. ತಾನೊಬ್ಬನೇ ಕೂ ಹಾಕುವುದು, ಸುಮ್ಮನೆ ಕಿವಿಗೊಡುವುದು. ಆ ಮೌನದಲ್ಲಿ ಆ ಹುಡುಗನ ತಾಯಿಗೆ ಏನು ಹೇಳಲಿ ಎಂಬುದರ ಹೊರತು ನನಗೆ ಇನ್ನೊಂದು ಯೋಚನೆ ಇರಲಿಲ್ಲ. ಎಷ್ಟೋ ಹೊತ್ತಿಗೆ ಕೆಳಗಿನಿಂದ ಕ್ಷೀಣವಾದ ಒಂದು ಕೂ ಬಂತು. ಅಜ್ಜ ಹೋಗಿ, ಪ್ರಪಾತದ ಅಂಚಿನಲ್ಲಿ ಗಿಡ ಹಿಡಿದು ನಿಂತಿದ್ದವನನ್ನು ಕೈಹಿಡಿದು ಕರೆತಂದ. ಆ ಹುಡುಗನೇ ಈ ಪತ್ರದವನು.

ಕೊಟ್ಟ ಹಣವನ್ನು ಅಜ್ಜ ಮುಟ್ಟಲಿಲ್ಲ. “ಇಳಿಯೋವಾಗ ಹುಡುಗ್ರನ್ನ ಎಣಿಸ್ಕಳ್ರಿ” ಎಂದ, ಅಷ್ಟೆ.

ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಕತ್ತಿ ಹಿಡಿದು ರಾಜನಾದ ಕಥೆಯನ್ನು ತಾಳಗುಂದದ ಕಂಬದ ಮುಂದೆ ಪ್ರತಿವರ್ಷ ನಾನೇ ಹೇಳುತ್ತೇನೆ. ಪ್ರಯಾಣಗಳು ಎಣಿಸಿದಂತೆ ಮುಗಿಯುವುದಿಲ್ಲವೆಂದು ಅದಕ್ಕೊಂದು ನೀತಿಯನ್ನೂ ಸೇರಿಸುತ್ತೇನೆ. ಅಂದು ಬೆಳಿಗ್ಗೆಯೂ ಹೇಳಿದ್ದೆ. ಆದರೆ ಕಾಲೇಜಿಗೆ ಒಪ್ಪಿಸಿದ ವರದಿಯಲ್ಲಿ “ಪ್ರವಾಸವು ಯಶಸ್ವಿಯಾಗಿ ನೆರವೇರಿತು” ಎಂದು ಬರೆದೆ. ಅಜ್ಜನ ಮಾತು ಅದರಲ್ಲಿರಲಿಲ್ಲ. ಅವನ ಹೆಸರನ್ನಂತೂ ನಾನು ಕೇಳಿರಲೇ ಇಲ್ಲ.

ಈ ವರ್ಷದ ಪಟ್ಟಿಯಲ್ಲಿ ಚಂದ್ರಗುತ್ತಿಯ ಮುಂದೆ ಗಂಟೆ ಹಾಕಿಲ್ಲ. ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು, “ಇದನ್ನು ಮರೆತಿರಾ?” ಎಂದು ಕೇಳಿದರು.

“ಇಲ್ಲ ಸಾರ್, ಅದನ್ನು ಅಲ್ಲಿಯವರನ್ನು ಕೇಳಿ ಬರೆಯಬೇಕು” ಎಂದೆ.